ಚಿರತೆ ಕಂಡೆನೆಂದವರನ್ನು ಹಂಗಿಸಬೇಡಿ

ಮಾನ್ಯ ಸಂಪಾದಕರೇ,

ಕಬ್ಬಿನ ಗದ್ದೆಯಲ್ಲಿ ಚಿರತೆ ಕಾಣಿಸಿಕೊಂಡಿತೆಂಬ ಸುದ್ದಿ ಮಂಡ್ಯ ಮತ್ತು ಮೈಸೂರು ಜಿಲ್ಲೆಗಳ ಹಳ್ಳಿಗಳಿಂದ ಆಗಾಗ ಬರುತ್ತಲೇ ಇರುತ್ತದೆ. 2022ರ ಕೊನೆಯಲ್ಲಿ ಮತ್ತು 2023ರ ಆರಂಭದಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಜನ ಬಲಿಯಾದುದನ್ನು ಬಲ್ಲ ಯಾರೂ ಇಂಥ ಸುದ್ದಿಯನ್ನು ಹಗುರವಾಗಿ ತೆಗೆದುಕೊಳ್ಳಲಾರರು. ಆದರೆ ಕಂಡದ್ದು ಚಿರತೆಯಲ್ಲವೆಂದು ತಿಳಿದ ಮೇಲೆ, ಕಂಡೆನೆಂದವರನ್ನು ನಾವು ನಡೆಸಿಕೊಳ್ಳುವ ರೀತಿಯ ಬಗ್ಗೆ ನನಗೆ ನೋವಿದೆ.

ನಮ್ಮ ಊರಿನ ಹೆಣ್ಣುಮಗಳೊಬ್ಬರು ಮುಸ್ಸಂಜೆಯಲ್ಲಿ ಹುಲ್ಲಿನ ಹೊರೆ ಹೊತ್ತು ನಾಲೆ ಏರಿಯ ಮೇಲೆ ಬರುತ್ತಿದ್ದಾಗ ಚಿರತೆ ಕಂಡೆನೆಂದು ಓಡಿ ಬಂದರು. ಪಕ್ಕದೂರಿನ ಕಡೆ ಚಿರತೆ ಓಡಾಡುತ್ತಿದೆಯೆಂದು ಅಂದು ಬೆಳಿಗ್ಗೆಯಷ್ಟೇ ಆಟೊದಲ್ಲಿ ಸಾರಿ ಹೋಗಿದ್ದರು. ಮರುದಿನ ಹೋಗಿ ನೋಡಿದರೆ ಹಸಿ ಮಣ್ಣಿನಲ್ಲಿದ್ದ ಹೆಜ್ಜೆಗಳಲ್ಲೆಲ್ಲ ಉಗುರಿನ ಗುರುತು ಸ್ಪಷ್ಟವಾಗಿತ್ತು. ಚಿರತೆ ಉಗುರುಗಳನ್ನು ಒಳಕ್ಕೆಳೆದುಕೊಂಡು ನಡೆಯುವುದರಿಂದ ಅದರ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಮೂಡುವುದಿಲ್ಲ. ಆದ್ದರಿಂದ ಬಂದಿದ್ದುದು ನಾಯಿಯೆಂದು ತೀರ್ಮಾನವಾಯಿತು. ಆಕೆ ಮಾತ್ರ ಮೈಮೇಲಿನ ಚುಕ್ಕೆಗಳನ್ನೂ ಕಂಡೆನೆಂದು ಆಣೆಯಿಟ್ಟು ಹೇಳಿದರು. ಅಂದಿನಿಂದ ಹುಡುಗರು ಅವರನ್ನು 'ಚಿರತೆ ಅಕ್ಕ' ಎಂದು ಕೂಗುತ್ತಾರೆ.

ಆಕೆ ಚುಕ್ಕೆಗಳನ್ನು ನಿಜವಾಗಿಯೂ ಕಂಡಿದ್ದರು ಎಂದೇ ನಾನು ನಂಬುತ್ತೇನೆ. ಕತ್ತಲು ಕವಿದಂತೆ, ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಹಿಂದೆ ಸರಿದು, ಮಂದ ಬೆಳಕಿನಲ್ಲೂ ಕೆಲಸ ಮಾಡುವ ದಂಡಕೋಶಗಳು ನೋಟದ ಹೊರೆ ಹೊರುತ್ತವೆ. ಅವುಗಳಿಂದ ಬಣ್ಣ ತಿಳಿಯುವುದಿಲ್ಲ, ಅಂಚುಗಳೂ ಮಸುಕಾಗುತ್ತವೆ. ಹೀಗೆ ಕಣ್ಣು ಅರೆಬರೆಯಾಗಿ ಒಪ್ಪಿಸಿದ್ದನ್ನು ಮನಸ್ಸು ತಾನು ನಿರೀಕ್ಷಿಸುತ್ತಿದ್ದುದರಿಂದ, ಹೆದರುತ್ತಿದ್ದುದರಿಂದ ತುಂಬಿಕೊಳ್ಳುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1867ರಲ್ಲಿ ಪೂರ್ಣಗೊಳಿಸಿದ ದೃಷ್ಟಿಶಾಸ್ತ್ರದ ಗ್ರಂಥದಲ್ಲಿ, ನೋಡುವುದೆಂದರೆ ನಮ್ಮ ಅರಿವಿಗೆ ಬಾರದೆಯೇ ನಡೆಯುವ ಊಹೆ ಎಂದು ವಿವರಿಸಿದ್ದರು. ಕಿವಿಯೂ ಇದಕ್ಕೆ ಹೊರತಲ್ಲ. 1970ರಲ್ಲಿ ಅಮೆರಿಕದ ರಿಚರ್ಡ್ ವಾರೆನ್ ಅವರು ಧ್ವನಿಮುದ್ರಿತ ಮಾತಿನ ಒಂದು ಪದದೊಳಗಿನ ಒಂದು ಧ್ವನಿಯನ್ನು ತೆಗೆದು ಅಲ್ಲಿ ಕೆಮ್ಮನ್ನು ಸೇರಿಸಿ ಕೇಳಿಸಿದಾಗ, ಕೇಳಿದವರಿಗೆ ಪದ ಇಡಿಯಾಗಿಯೇ ಕೇಳಿಸಿತು. ಯಾವ ಧ್ವನಿ ಇಲ್ಲವೆಂದು ಹೇಳಲು ಅವರಿಂದ ಆಗಲಿಲ್ಲ.

ವಿಜ್ಞಾನ ಶಿಕ್ಷಕನಾಗಿದ್ದಾಗ ನಾನು ಮಕ್ಕಳಿಗೆ ಮಾಡಿಸುತ್ತಿದ್ದ ಒಂದು ಪ್ರಯೋಗವನ್ನು ಓದುಗರೂ ಮಾಡಿ ನೋಡಬಹುದು. ಗೆರೆಯೆಳೆದ ಹಾಳೆಯ ಒಂದೇ ಗೆರೆಯ ಮೇಲೆ ಎಡಕ್ಕೊಂದು ಕೂಡುವ ಚಿಹ್ನೆ, ಅದರಿಂದ ಎಂಟು ಸೆಂಟಿಮೀಟರ್ ಬಲಕ್ಕೊಂದು ದಪ್ಪ ಚುಕ್ಕೆ ಬರೆಯಿರಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಚಿಹ್ನೆಯನ್ನೇ ದಿಟ್ಟಿಸುತ್ತ ಹಾಳೆಯನ್ನು ನಿಧಾನವಾಗಿ ಹತ್ತಿರ ತಂದರೆ, ಸುಮಾರು ಮೂವತ್ತು ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಆಗ ಚುಕ್ಕೆಯ ಬಿಂಬ ಬೀಳುವುದು ದೃಷ್ಟಿನರವು ಕಣ್ಣಿನಿಂದ ಹೊರಡುವ ಜಾಗದ ಮೇಲೆ; ಅಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳೇ ಇಲ್ಲ. ಆದರೂ ಹಾಳೆಯಲ್ಲಿ ಕಪ್ಪು ತೂತು ಕಾಣುವುದಿಲ್ಲ; ಗೆರೆ ತುಂಡಾಗದೆ ಮುಂದುವರಿದಂತೆಯೇ ಕಾಣುತ್ತದೆ. ಗೆರೆಯ ಆ ತುಂಡನ್ನು ಬರೆದದ್ದು ಮನಸ್ಸು. ಇದನ್ನು ಮಾಡಿ ನೋಡಿದ ಯಾವ ಮಗುವೂ ನಾಲೆ ಏರಿಯ ಮೇಲಿನ ಆ ತಾಯಿಯನ್ನು ಸುಳ್ಳುಗಾತಿ ಎನ್ನಲಾರದು.

ಮೈಸೂರಿನಲ್ಲಿ 1935ರಲ್ಲಿ ಬಾನುಲಿ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅಷ್ಟು ಹಿಂದೆಯೇ ಈ ಶಾಸ್ತ್ರ ಬೇರೂರಿದ್ದ ನಾಡಿನಲ್ಲಿ, ಪ್ರೌಢಶಾಲೆಯ ಕಣ್ಣಿನ ಪಾಠ ಮಸೂರದ ಚಿತ್ರಕ್ಕೇ ನಿಂತುಬಿಡುವುದು ಸರಿಯಲ್ಲ.

'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದ ನಮ್ಮ ಹಿರಿಯರು, ಕಂಡವರನ್ನು ಜರಿಯಿರಿ ಎನ್ನಲಿಲ್ಲ. ಹಂಗಿಸಿಕೊಂಡವರು ಮತ್ತೊಮ್ಮೆ ಬಾಯಿ ಬಿಡುವುದಿಲ್ಲ. ಈಗ ನಮ್ಮ ಆ ಅಕ್ಕನೂ ಏನೇ ಕಂಡರೂ ಯಾರಿಗೂ ಹೇಳುವುದಿಲ್ಲವೆಂದು ನಿಶ್ಚಯಿಸಿದ್ದಾರೆ. ನಿಜವಾದ ಚಿರತೆ ಬಂದ ಸಂಜೆ ಈ ಮೌನಕ್ಕೆ ಊರೇ ಬೆಲೆ ತೆರಬೇಕಾದೀತು. ಆದ್ದರಿಂದ ಪತ್ರಿಕೆಯವರು ಪರಿಶೀಲನೆಗೆ ಮುನ್ನ 'ಚಿರತೆ ಪ್ರತ್ಯಕ್ಷ' ಎಂಬ ತಲೆಬರಹ ಕೊಡದೆ, ಹೆಜ್ಜೆ ಗುರುತು ಅಥವಾ ಕ್ಯಾಮೆರಾದಿಂದ ಏನು ತಿಳಿಯಿತೆಂಬುದನ್ನು ಮರುದಿನ ಅಷ್ಟೇ ಜಾಗ ಕೊಟ್ಟು ಪ್ರಕಟಿಸಬೇಕೆಂದೂ, ಸ್ಥಳಕ್ಕೆ ಬರುವ ಅರಣ್ಯ ಸಿಬ್ಬಂದಿ ಅದು ನಾಯಿಯೆಂದು ಗೊತ್ತಾದಾಗಲೂ ತಿಳಿಸಿದವರಿಗೆ ಊರವರ ಎದುರಿನಲ್ಲೇ ಕೃತಜ್ಞತೆ ಹೇಳಿ ಹೋಗಬೇಕೆಂದೂ ಕೋರುತ್ತೇನೆ.

ಇಂತಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ,
ಮಂಡ್ಯ ತಾಲ್ಲೂಕು