ಧಾರವಾಡದ ಮೊಳಕೆಕಾಳಿನ ಬಗ್ಗೆ ಸಂಸತ್ತಿನಲ್ಲಿ ಒಂದು ಪ್ರಶ್ನೆ ಕೇಳಿ ಸಾಹೇಬ್ರೆ

ಹಾವೇರಿ-ಗದಗ ಲೋಕಸಭಾ ಕ್ಷೇತ್ರದ ಸಂಸದರಿಗೆ,

ಸಾಹೇಬ್ರೆ, ನಮಸ್ಕಾರ.

ನಾನು ಗದಗದಲ್ಲಿ ಖಾನಾವಳಿ ನಡೆಸುವವಳು. ಎಪಿಎಂಸಿಗೆ ಮಾಲು ತರುವ ರೈತರು, ಅಡತಿ ಅಂಗಡಿಯ ಗುಮಾಸ್ತರು, ಹಮಾಲರು ನನ್ನ ಗಿರಾಕಿಗಳು. ನಿಮ್ಮ ಹತ್ತಿರ ಬರುವ ಅರ್ಜಿಗಳಲ್ಲಿ ರಸ್ತೆ, ನಳ, ಪಿಂಚಣಿ ಇದೇ ಜಾಸ್ತಿ ಇರುತ್ತದೆ. ನನ್ನದು ಬಾಹ್ಯಾಕಾಶದ ಊಟದ ವಿಷಯ. ನಗಬೇಡಿ, ಪೂರ್ತಿ ಓದಿ.

2025ರ ಜೂನ್ 25ಕ್ಕೆ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಆಕ್ಸಿಯಂ-4 ಯಾನದಲ್ಲಿ ಹೊರಟು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರಲ್ಲ, ಟಿವಿಯಲ್ಲಿ ನೀವೂ ನೋಡಿರುತ್ತೀರಿ. ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಮೇಲೆ. ನಮ್ಮೂರಿನಿಂದ ಬೆಂಗಳೂರಿಗೆ ಹೆಚ್ಚುಕಮ್ಮಿ ಅಷ್ಟೇ ದೂರ! ಆ ಯಾನದ ಪ್ರಯೋಗದ ಸಾಮಾನಿನಲ್ಲಿ ಹೆಸರುಕಾಳು, ಮೆಂತ್ಯಕಾಳು ಇದ್ದವು. ಆ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ರವಿಕುಮಾರ್ ಹೊಸಮನಿ ಮತ್ತು ಐಐಟಿ ಧಾರವಾಡದ ಸುಧೀರ್ ಸಿದ್ದಾಪುರೆಡ್ಡಿ ಅವರದು. ಶುಕ್ಲಾ ಅಲ್ಲಿ ಕಾಳಿಗೆ ನೀರುಣಿಸಿ, ಮೊಳಕೆ ಬರಿಸಿ, ಫೋಟೋ ತೆಗೆದು, ಫ್ರೀಜರ್‌ನಲ್ಲಿ ಇಟ್ಟರು. ಜುಲೈ 15ಕ್ಕೆ ಅವರು ಭೂಮಿಗೆ ಮರಳಿದರು.

ಈ ಸುದ್ದಿ ಓದಿದ ದಿನ ನನ್ನ ಅಡುಗೆಮನೆಯಲ್ಲಿ ಹೆಸರುಕಾಳಿನ ಗಂಟು ಮೊಳೆಗೆ ತೂಗುಬಿದ್ದಿತ್ತು. ದಿನಾ ಇರುತ್ತದೆ. ರಾತ್ರಿ ನೆನೆಹಾಕಿ, ಬೆಳಗ್ಗೆ ಜಾಲರಿ ಬುಟ್ಟಿಯಲ್ಲಿ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಮರುದಿನ ಬೇರಿನ ಬಿಳಿ ತುದಿಗಳು ಬಟ್ಟೆಯನ್ನೇ ತೂರಿ ಹೊರಗೆ ಬಂದಿರುತ್ತವೆ. ಇದರಲ್ಲಿ ದೊಡ್ಡ ಕೆಲಸ ಅಂದರೆ ನೀರು ಬಸಿಯುವುದು. ನೀರು ನಿಂತರೆ ಕಾಳಿಗೆ ಉಸಿರು ಕಟ್ಟುತ್ತದೆ, ಕೊಳೆಯುತ್ತದೆ. ಮೇಲೆ ಬಾಹ್ಯಾಕಾಶದಲ್ಲಿ ತೊಂದರೆ ಇರುವುದೂ ಅಲ್ಲೇ. ನೀರು ಕೆಳಗೆ ಇಳಿಯುವುದೇ ಇಲ್ಲ, ಗುಳ್ಳೆಯಾಗಿ ಬೇರಿಗೇ ಅಂಟಿಕೊಂಡು ಕೂರುತ್ತದೆ. ನನ್ನ ಬುಟ್ಟಿ ಅಲ್ಲಿ ಏನೂ ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ಮಾತು. ಇದನ್ನು ಹೇಳಲು ನನಗೆ ನಾಚಿಕೆ, ಆದರೂ ಹೇಳುತ್ತೇನೆ. ಒಂದು ಬೇಸಿಗೆಯಲ್ಲಿ ಗಂಟು ಬಿಚ್ಚಿದಾಗ ಕಾಳು ಸ್ವಲ್ಪ ಲೋಳೆ ಅನಿಸಿತು. ತೊಳೆದರಾಯಿತು ಅಂತ ಹಸಿ ಕೋಸಂಬರಿ ಮಾಡಿಬಿಟ್ಟೆ. ಸಂಜೆ ಹೊತ್ತಿಗೆ ನಾಲ್ಕು ಜನ ಗಿರಾಕಿಗಳಿಗೆ ಹೊಟ್ಟೆ ಕೆಟ್ಟಿತು. ಮೊಳಕೆಗೆ ಬೇಕಾದ ಬೆಚ್ಚಗಿನ ತೇವ ರೋಗಾಣುವಿಗೂ ಬೇಕು. ಇಲ್ಲಿಯಾದರೆ ಓಣಿಯ ತುದಿಯಲ್ಲಿ ಡಾಕ್ಟರ್ ಇದ್ದಾರೆ. ಮಂಗಳ ಗ್ರಹದ ದಾರಿಯಲ್ಲಿ ಯಾರಿದ್ದಾರೆ? ಅದಕ್ಕೇ ಕಾಳು ಮೊಳೆಯಿತೋ ಇಲ್ಲವೋ ಅಂತ ನೋಡಿದರೆ ಸಾಲದು. ಅದರ ಸತ್ವ ಎಷ್ಟು ಉಳಿಯಿತು, ಜೊತೆಗೆ ಯಾವ ಸೂಕ್ಷ್ಮಜೀವಿ ಬೆಳೆಯಿತು ಅಂತಲೂ ನೋಡಬೇಕು.

ರಾಕೆಟ್ ಹಾರಿದ ದಿನ ಎಲ್ಲರೂ ಚಪ್ಪಾಳೆ ತಟ್ಟುತ್ತೇವೆ. ಆಮೇಲಿನ ಕಷ್ಟ ಕಾಣುವುದಿಲ್ಲ. ತೂಕವೇ ಇಲ್ಲದ ಕಡೆ ಇದ್ದರೆ ಮೈಭಾರ ಹೊರುವ ಮೂಳೆಗಳು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೆಯುತ್ತವೆ. ಅದಕ್ಕೇ ಅಲ್ಲಿದ್ದವರು ದಿನಕ್ಕೆ ಎರಡು ತಾಸು ವ್ಯಾಯಾಮ ಮಾಡಬೇಕು. ಮಂಗಳಕ್ಕೆ ಹೋಗಿಬರಲು ಸುಮಾರು ಮೂರು ವರ್ಷ ಬೇಕು, ನಡುವೆ ಸಾಮಾನು ತಂದುಕೊಡುವ ಗಾಡಿ ಬರುವುದಿಲ್ಲ. ಪೊಟ್ಟಣದ ಊಟ ಕೆಡದೇ ಇರಬಹುದು, ಆದರೆ ಅದರಲ್ಲಿನ ಸಿ, ಬಿ1 ವಿಟಮಿನ್‌ಗಳು ವರ್ಷ ಕಳೆದಂತೆ ಕರಗುತ್ತಾ ಹೋಗುತ್ತವೆ. ತಾಜಾ ಏನಾದರೂ ಬೇಕೇ ಬೇಕು. ಗಿಡ ಬೆಳೆಸಿದ್ದಾರೆ, 2015ರಲ್ಲಿ ನಿಲ್ದಾಣದಲ್ಲೇ ಬೆಳೆದ ಕೆಂಪು ಲೆಟ್ಯೂಸ್ ಸೊಪ್ಪನ್ನು ತಿಂದೂ ಇದ್ದಾರೆ. ಆದರೆ ಅದಕ್ಕೆ ದೀಪ ಬೇಕು, ಜಾಗ ಬೇಕು, ಒಂದು ತಿಂಗಳು ಕಾಯಬೇಕು. ಮೊಳಕೆಕಾಳಿಗೆ ಎರಡು ದಿನ, ಒಂದು ತಟ್ಟೆ ಸಾಕು.

ನಮ್ಮ ಊಟ ಅಲ್ಲಿಗೆ ಎಲ್ಲವೂ ಹೊಂದುವುದಿಲ್ಲ ಬಿಡಿ. ಕಡಕ್ ರೊಟ್ಟಿ ಮುರಿದರೆ ಚೂರೆಲ್ಲ ತೇಲಿ ಯಂತ್ರದೊಳಗೆ, ಕಣ್ಣೊಳಗೆ ಹೋಗುತ್ತದೆ. ಇದೇ ಕಾರಣಕ್ಕೆ ಗಗನಯಾತ್ರಿಗಳು ಬ್ರೆಡ್ ಬಿಟ್ಟು ಚಪಾತಿಯಂಥ ಟಾರ್ಟಿಯಾ ತಿನ್ನುತ್ತಾರೆ, ಉಪ್ಪನ್ನೂ ನೀರಲ್ಲಿ ಕರಗಿಸಿ ಒಯ್ಯುತ್ತಾರೆ. ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದರಂತೂ ಮುಗಿಯಿತು. ಆದರೆ ಶುಕ್ಲಾ ಗಜ್ಜರಿ ಹಲ್ವಾ ಜೊತೆ ಹೆಸರುಬೇಳೆ ಹಲ್ವಾ ಕೂಡ ಒಯ್ದಿದ್ದರು. ಅಲ್ಲೂ ಹೆಸರೇ, ನೋಡಿ.

ನಮ್ಮ ಅಕ್ಕನ ಮಗ ಪಾಲಿಟೆಕ್ನಿಕ್ ಓದುತ್ತಾನೆ. ನನ್ನ ಕುತೂಹಲ ನೋಡಿ ಅವನು ನಿಧಾನಕ್ಕೆ ತಿರುಗುವ ಒಂದು ಸಣ್ಣ ಮೋಟರಿಗೆ ಗಾಜಿನ ತಟ್ಟೆಯನ್ನು ಗಡಿಯಾರದ ಹಾಗೆ ನೆಟ್ಟಗೆ ಕಟ್ಟಿದ. ಒಳಗೆ ಒದ್ದೆ ಹತ್ತಿ, ಅದರಲ್ಲಿ ಹನ್ನೆರಡು ಹೆಸರುಕಾಳು. ಪಕ್ಕದಲ್ಲಿ ಅಂಥದೇ ಇನ್ನೊಂದು ತಟ್ಟೆ, ತಿರುಗದ್ದು. ಎರಡು ದಿನ ಬಿಟ್ಟು ನೋಡಿದರೆ ನಿಂತ ತಟ್ಟೆಯಲ್ಲಿ ಎಲ್ಲ ಬೇರುಗಳೂ ಬಾಗಿ ಕೆಳಗೆ ಇಳಿದಿದ್ದವು. ತಿರುಗುವ ತಟ್ಟೆಯಲ್ಲಿ ಒಂದು ಮೇಲಕ್ಕೆ, ಒಂದು ಅಡ್ಡ, ಹೊರಟ ದಿಕ್ಕಿಗೇ ಹೋಗಿದ್ದವು. ಬೇರಿನ ತುದಿಯ ಜೀವಕೋಶದಲ್ಲಿ ಪಿಷ್ಟದ ಕಣಗಳಿರುತ್ತವಂತೆ. ಅವು ಜಾರಿ ಬಿದ್ದ ಕಡೆಯೇ ಕೆಳಗು ಅಂತ ಬೇರಿಗೆ ಗೊತ್ತಾಗುತ್ತದೆ. ತಿರುಗಿಸುತ್ತಲೇ ಇದ್ದರೆ ಕಣ ಎಲ್ಲೂ ನಿಲ್ಲುವುದಿಲ್ಲ, ಬೇರಿಗೆ ದಿಕ್ಕು ತಪ್ಪುತ್ತದೆ. ಇದು ಬಾಹ್ಯಾಕಾಶವೇ ಅಲ್ಲ, ಅದರ ಅಣಕು ಅಷ್ಟೇ. ಆದರೆ ಅವತ್ತು ಊಟಕ್ಕೆ ಬಂದ ರೈತರು ಕೈ ತೊಳೆಯುವುದು ಬಿಟ್ಟು ಆ ತಟ್ಟೆಯ ಮುಂದೆ ನಿಂತಿದ್ದರು. ಒಬ್ಬರು ಅಂದರು, "ಅಲ್ಲವಾ, ಶ್ರಾವಣದ ಮಳೆ ಹಿಡಿದರ ನಮ್ಮ ಹೊಲದಾಗ ಬ್ಯಾಡಂದ್ರೂ ಕಾಯಾಗ ಮೊಳಕಿ ಬರ್ತಾವು. ಇವರು ಮೊಳಕಿ ಬರಸಾಕ ಮ್ಯಾಲ ಹೋಗ್ಯಾರ!" ಕಟಾವಿನ ಹೊತ್ತಿಗೆ ಮಳೆ ಹಿಡಿದು ಮಾಲು ಕೆಟ್ಟವರ ನಗು ಅದು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ.

ಇನ್ನೊಬ್ಬರು ನೇರವಾಗಿ ಕೇಳಿದರು, ನಳಕ್ಕೇ ನೀರಿಲ್ಲ, ಇದಕ್ಕೆಲ್ಲ ರೊಕ್ಕ ಯಾಕೆ ಅಂತ. ನಮ್ಮ ಓಣಿಗೆ ನೀರು ಬರದೆ ಅವತ್ತಿಗೆ ಎಂಟು ದಿನ ಆಗಿತ್ತು. ನಮ್ಮವರನ್ನು ನಮ್ಮದೇ ರಾಕೆಟ್‌ನಲ್ಲಿ ಕಳಿಸುವ ಗಗನಯಾನ ಮತ್ತು ಅದರ ಮುಂದುವರಿದ ಕೆಲಸಕ್ಕೆ ಕೇಂದ್ರ 20,193 ಕೋಟಿ ರೂಪಾಯಿ ಇಟ್ಟಿದೆ. ಸಣ್ಣ ಮೊತ್ತ ಅಲ್ಲ. ಬಾಹ್ಯಾಕಾಶಕ್ಕೆ ಹೋದರೆ ಗದಗಕ್ಕೆ ನೀರು ಬರುತ್ತದೆ ಅಂತ ನಾನು ಸುಳ್ಳು ಹೇಳುವುದಿಲ್ಲ. ಆ ನಿಲ್ದಾಣದಲ್ಲಿ ಬೆವರು, ಮೂತ್ರ ಎಲ್ಲ ಶುದ್ಧ ಮಾಡಿ ನೂರಕ್ಕೆ 98 ಪಾಲು ನೀರನ್ನು ಮತ್ತೆ ಬಳಸುತ್ತಾರೆ ಅಂತ ಹೇಳಿದೆ. "ಹಂಗಾರ ಅವರನ್ನ ಇಲ್ಲಿಗೆ ಕರೀರಿ" ಅಂದರು. ಅವರ ಸಿಟ್ಟು ಸರಿಯಾಗೇ ಇದೆ. ಆದರೆ ಹೇಗೂ ಖರ್ಚಾಗುವ ಆ ದುಡ್ಡಿನಲ್ಲಿ ನಮ್ಮ ಕಡೆಯ ಕೆಲಸಕ್ಕೆ ಎಷ್ಟು ಬರುತ್ತದೆ ಅಂತ ಕೇಳುವುದರಲ್ಲಿ ತಪ್ಪೇನಿದೆ?

ಗಗನಯಾನದಲ್ಲಿ ಮೂವರು ಮೂರು ದಿನ ಇದ್ದು ಬರುವ ಯೋಜನೆ. 2022 ಅಂದಿದ್ದು ಮುಂದೆ ಹೋಗುತ್ತಲೇ ಇದೆ. ಹೋಗಲಿ, 2003ರಲ್ಲಿ ಕೊಲಂಬಿಯಾ ನೌಕೆಯ ಜೊತೆ ಕಲ್ಪನಾ ಚಾವ್ಲಾ ಅವರನ್ನು ಕಳೆದುಕೊಂಡಿದ್ದು ನೆನಪಿದ್ದವರು ಯಾರೂ ಅವಸರ ಮಾಡಿ ಅನ್ನುವುದಿಲ್ಲ. ಮೂರು ದಿನಕ್ಕೆ ಬುತ್ತಿ ಕಟ್ಟಿಕೊಟ್ಟರೆ ಸಾಕು, ಆ ಕೆಲಸವನ್ನು ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯ ಮಾಡುತ್ತಿದೆ. ಆದರೆ 2035ಕ್ಕೆ ನಮ್ಮದೇ ನಿಲ್ದಾಣ, 2040ಕ್ಕೆ ಚಂದ್ರನ ಮೇಲೆ ಭಾರತೀಯ ಅಂತ ಗುರಿ ಇಟ್ಟಿದ್ದಾರಲ್ಲ, ಅಲ್ಲಿಗೆ ಬುತ್ತಿ ಸಾಲುವುದಿಲ್ಲ. ಬೆಳೆಯಲೇಬೇಕು. ಹೆಸರು, ಮೆಂತ್ಯ ಗೊತ್ತಿದ್ದವರು ಬಸ್ಸಿನಲ್ಲಿ ಎರಡು ತಾಸಿನ ದಾರಿಯ ಧಾರವಾಡದಲ್ಲೇ ಇದ್ದಾರೆ. ಅವರಿಗೆ ಒಂದು ಹಾರ, ಒಂದು ಫೋಟೋ ಆಯಿತು. ಮುಂದೆ?

ಅದನ್ನೇ ಲೋಕಸಭೆಯಲ್ಲಿ ಬಾಹ್ಯಾಕಾಶ ಇಲಾಖೆಗೆ ಕೇಳಿ ಸಾಹೇಬ್ರೆ. ಧಾರವಾಡದ ಈ ಪ್ರಯೋಗದ ಮುಂದಿನ ಹಂತಕ್ಕೆ ಎಷ್ಟು ಹಣ, ಎಷ್ಟು ವರ್ಷಕ್ಕೆ? ನಮ್ಮ ನಿಲ್ದಾಣದಲ್ಲಿ ಕಾಳು ಮೊಳೆಸಲು ಒಂದು ಗೂಡಾದರೂ ಇಡುತ್ತಾರಾ? ಉತ್ತರ ಬರಹದಲ್ಲಿ ಬರಲಿ. ಹಾಗೇ ನಿಮ್ಮ ಪ್ರದೇಶಾಭಿವೃದ್ಧಿ ನಿಧಿಗೆ ವರ್ಷಕ್ಕೆ 5 ಕೋಟಿ ಬರುತ್ತದಲ್ಲ, ಅದರಲ್ಲಿ ಸ್ವಲ್ಪ ತೆಗೆದು ಸರ್ಕಾರಿ ಹೈಸ್ಕೂಲುಗಳಿಗೆ ಆ ತಿರುಗುವ ತಟ್ಟೆ ಕೊಡಿಸಿ. ನಮ್ಮ ಹುಡುಗ ಮಾಡಿದ್ದಕ್ಕೆ ಬಿದ್ದ ಖರ್ಚು ನಾಲ್ಕು ಊಟದ ದುಡ್ಡು. ಕಾಳು ಬೇಕಾದರೆ ನಾನೇ ಕೊಡುತ್ತೇನೆ.

ಹೆಸರಿನ ಸುಗ್ಗಿಯಲ್ಲಿ ಈ ಕಡೆ ಬಂದಾಗ ಊಟಕ್ಕೆ ಬನ್ನಿ. ರೊಟ್ಟಿ, ಮೊಳಕೆಕಾಳಿನ ಪಲ್ಯ, ಮೆಂತ್ಯದ ತಪ್ಪಲ, ಉಳ್ಳಾಗಡ್ಡಿ ಇರುತ್ತದೆ. ಗಲ್ಲಾಪೆಟ್ಟಿಗೆಯ ಪಕ್ಕ ಆ ತಟ್ಟೆ ಇನ್ನೂ ತಿರುಗುತ್ತಿದೆ, ಕರೆಂಟ್ ಇದ್ದಾಗ. ಪ್ರಶ್ನೆಗೆ ನಂಬರ್ ಸಿಕ್ಕ ದಿನ ಒಂದು ಫೋನ್ ಮಾಡಿಸಿ, ಇವತ್ತಿನ ಪಲ್ಯ ಏನು ಅಂತ ಬರೆಯುವ ಬೋರ್ಡಿನ ಮೇಲೆ ಅದನ್ನೂ ಬರೆಯುತ್ತೇನೆ.

ಇಂತಿ,
ಗದಗದ ಒಬ್ಬ ಖಾನಾವಳಿಯವಳು