ಮಾರುತ್‌ಗಿಂತ ಮೊದಲು ಹಾರಿದ್ದು ಎಚ್‌ಟಿ–2

ಮಾನ್ಯರೇ,

ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್ ಕುರಿತ ಬರಹಗಳಲ್ಲಿ ‘ನಮ್ಮ ದೇಶದಲ್ಲೇ ವಿನ್ಯಾಸಗೊಂಡ ಮೊದಲ ವಿಮಾನ ಮಾರುತ್’ ಎಂಬ ಮಾತು ಆಗಾಗ ಕಾಣಿಸುತ್ತದೆ. ಮಾರುತ್ ಎಂಬ ಈ ಜೆಟ್ ಯುದ್ಧವಿಮಾನ ಮೊದಲ ಬಾರಿ ಹಾರಿದ್ದು 1961ರ ಜೂನ್‌ನಲ್ಲಿ. ಅದಕ್ಕೆ ಹತ್ತು ವರ್ಷ ಮೊದಲೇ, 1951ರ ಆಗಸ್ಟ್‌ನಲ್ಲಿ, ಎಚ್‌ಟಿ–2 ಎಂಬ ಪಿಸ್ಟನ್ ಎಂಜಿನ್ನಿನ ತರಬೇತಿ ವಿಮಾನ ಇದೇ ಬೆಂಗಳೂರಿನಿಂದ ಮೇಲೇರಿತ್ತು. ಯುದ್ಧವಿಮಾನದ ಗತ್ತು ಅದಕ್ಕಿರಲಿಲ್ಲ, ನಿಜ. ಆದರೆ ಮಾರುತ್ ವಿನ್ಯಾಸಕ್ಕೆ ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು ಕರೆಸಬೇಕಾಯಿತು. ಎಚ್‌ಟಿ–2ಕ್ಕೆ ರೂಪ ಕೊಟ್ಟವರು ಡಾ. ವಿ.ಎಂ. ಘಾಟಗೆ ಮತ್ತು ಅವರ ಜೊತೆಗಿದ್ದ ಎಂಜಿನಿಯರುಗಳು.

ಇದು ಏಕಾಏಕಿ ಆದದ್ದಲ್ಲ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ 1940ರಲ್ಲಿ ಕಟ್ಟಿದ ಈ ಕಾರ್ಖಾನೆಯಲ್ಲಿ ಮೊದಲು ಜೋಡಣೆಯಾಗಿ 1941ರಲ್ಲಿ ಹಾರಿದ ಅಮೆರಿಕದ ಹಾರ್ಲೋ ಕೂಡ ತರಬೇತಿ ವಿಮಾನವೇ. ಸ್ವಾತಂತ್ರ್ಯಾನಂತರ ಬ್ರಿಟನ್ನಿನಿಂದ ಪರವಾನಗಿ ಪಡೆದು ಇಲ್ಲಿ ತಯಾರಿಸಿದ ಪ್ರೆಂಟಿಸ್ ಕೂಡ ತರಬೇತಿ ವಿಮಾನವೇ. ಬೇರೆಯವರ ನಕ್ಷೆ ನೋಡಿ ಕೈ ಪಳಗಿಸಿಕೊಂಡವರು ಮೂರನೆಯದಕ್ಕೆ ತಮ್ಮದೇ ನಕ್ಷೆ ಬರೆದರು.

ಬಟ್ಟೆ ಹೊದಿಸಿದ ಜೋಡಿ ರೆಕ್ಕೆಗಳ ಟೈಗರ್ ಮಾತ್‌ನಲ್ಲಿ ಹಾರಾಟ ಕಲಿಯುತ್ತಿದ್ದ ಕಾಲಕ್ಕೆ ಎಚ್‌ಟಿ–2 ದೊಡ್ಡ ಹೆಜ್ಜೆಯಾಗಿತ್ತು. ಮೈಯೆಲ್ಲ ಲೋಹ, ಕೆಳಗೆ ಒಂದೇ ಜೊತೆ ರೆಕ್ಕೆ, ಒಬ್ಬರ ಹಿಂದೊಬ್ಬರಂತೆ ಎರಡು ಸೀಟು, ತಲೆಕೆಳಗಾಗಿ ಕೂರಿಸಿದ ನಾಲ್ಕು ಸಿಲಿಂಡರಿನ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ಮೂರನೆಯ ಚಕ್ರ ಬಾಲದ ಕೆಳಗಿದ್ದುದರಿಂದ ನೆಲದ ಮೇಲೆ ಅದು ಮೂಗೆತ್ತಿಕೊಂಡೇ ನಿಲ್ಲುತ್ತಿತ್ತು. ಎದುರಿನ ದಾರಿ ಕಾಣದೆ, ಪೈಲಟ್ ವಿಮಾನವನ್ನು ಎಡಕ್ಕೂ ಬಲಕ್ಕೂ ಹೊರಳಿಸುತ್ತ, ಪಕ್ಕದಿಂದ ಇಣುಕಿ ನೋಡುತ್ತ ರನ್‌ವೇವರೆಗೆ ಸಾಗಬೇಕಿತ್ತು.

ನನ್ನ ತಂದೆ ಕಾರ್ಖಾನೆಯಲ್ಲಿ ತಗಡುಗಳನ್ನು ಜೋಡಿಸುವ ರಿವೆಟ್ ಹೊಡೆಯುವ ಕೆಲಸದಲ್ಲಿದ್ದರು. ಹೊರಗಿನಿಂದ ಒಬ್ಬರು ಗನ್ ಒತ್ತಿದರೆ, ಒಳಗೆ ಮುದುರಿ ಕೂತ ಇನ್ನೊಬ್ಬರು ಅದೇ ರಿವೆಟ್ಟಿನ ತುದಿಗೆ ಉಕ್ಕಿನ ತುಂಡನ್ನು ಆನಿಸಿ ಹಿಡಿಯಬೇಕು. ಕೈ ಒಂದಿಷ್ಟು ಜಾರಿದರೂ ತಗಡು ನೆಗ್ಗಿ, ಕೆಲಸ ಮೊದಲಿನಿಂದ. ಒಳಗೆ ಕೂರುತ್ತಿದ್ದವರು ನಮ್ಮ ತಂದೆ. ನಿವೃತ್ತರಾಗುವ ಹೊತ್ತಿಗೆ ಅವರ ಜೊತೆ ಕೂಗಿಯೇ ಮಾತಾಡಬೇಕಾಗಿತ್ತು. ಹೀಗೆ ತಯಾರಾದ ಎಚ್‌ಟಿ–2 ವಿಮಾನಗಳ ಸಂಖ್ಯೆ 170ರ ಆಸುಪಾಸು. 12 ವಿಮಾನಗಳು 1959ರಲ್ಲಿ ಆಗಷ್ಟೇ ಹುಟ್ಟಿದ್ದ ಘಾನಾ ವಾಯುಪಡೆಗೆ ಹೋದವು. ಉಳಿದವು ಹೊಸಬರಿಗೆ ಹಾರಾಟದ ಅಕ್ಷರಾಭ್ಯಾಸ ಮಾಡಿಸುತ್ತ ಮೂರು ದಶಕ ದಾಟಿ ದುಡಿದವು.

ಅದರ ನಂತರ ಬಂದ, 1977ರಲ್ಲಿ ಮೊದಲು ಹಾರಿದ ‘ದೀಪಕ್’ ಕೂಡ ಪಿಸ್ಟನ್ ಎಂಜಿನ್ನಿನ ತರಬೇತಿ ವಿಮಾನವೇ. ಆಕಾಶದಲ್ಲಿ ಎಂಜಿನ್ ನಿಂತುಹೋಗುವ ದೋಷಕ್ಕೆ ಹಲವು ಜೀವಗಳು ಬಲಿಯಾಗಿ, 2009ರಲ್ಲಿ ಅದರ ಹಾರಾಟವನ್ನೇ ನಿಲ್ಲಿಸಬೇಕಾಯಿತು. ಈ ಕಹಿಯನ್ನು ಮುಚ್ಚಿಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಮಗನ ಅಪಖ್ಯಾತಿಯಲ್ಲಿ ಅಪ್ಪನ ಹೆಸರೂ ಮಸುಕಾದಂತೆ, ದೀಪಕ್‌ನ ಮಾತು ಬಂದಾಗ ಎಚ್‌ಟಿ–2 ಬದಿಗೆ ಸರಿಯುತ್ತದೆ; ಈಗ ಟರ್ಬೊಪ್ರಾಪ್ ಎಂಜಿನ್ನಿನ ತರಬೇತಿ ವಿಮಾನ ಎಚ್‌ಟಿಟಿ–40ರ ಸುದ್ದಿ ಬರೆಯುವಾಗಲಂತೂ ಅದರ ಪ್ರಸ್ತಾಪವೇ ಇರುವುದಿಲ್ಲ.

ಮಾರುತ್‌ನ ಚಿತ್ರ ಅಚ್ಚಾದಾಗ ಅದರ ಕೆಳಗೆ ‘ನಮ್ಮ ದೇಶದಲ್ಲೇ ವಿನ್ಯಾಸಗೊಂಡ ಮೊದಲ ಜೆಟ್ ಯುದ್ಧವಿಮಾನ’ ಎಂದು ಬರೆದರೆ ಸಾಕು, ಅದಕ್ಕೂ ಕೊರತೆಯಾಗದು, ಎಚ್‌ಟಿ–2ಕ್ಕೂ ಅನ್ಯಾಯವಾಗದು. ಮುಂದಿನ ಸಲವಾದರೂ ಸಂಪಾದಕೀಯ ಬಳಗ ಹೀಗೆ ಬರೆಯಬೇಕೆಂದು ಕೋರುತ್ತೇನೆ.

— ಹಳೆಯ ಓದುಗ, ವಿಮಾನಪುರ, ಬೆಂಗಳೂರು