ಮೋಲ್ಡ್ ಹಾಕುವ ಹಿಂದಿನ ದಿನ ಯಾರಾದರೂ ಬಂದು ನೋಡಲಿ

ಮಾನ್ಯ ಸಂಪಾದಕರೇ,

ಎಲ್ಲಾದರೂ ಒಂದು ಕಟ್ಟಡ ಬಿದ್ದರೆ ಸಾಕು, ನಮ್ಮ ತುಮಕೂರಿನಲ್ಲೂ ಒಂದು ವಾರ ಅದೇ ಮಾತು. ಕಟ್ಟಡದ ಉಪವಿಧಿ ಹೊಸದಾಗಿ ಬರೆಯಬೇಕು, ನಿಯಮ ಬಿಗಿ ಮಾಡಬೇಕು, ಸೆಟ್‌ಬ್ಯಾಕ್ (ಮನೆ ಸುತ್ತ ಖಾಲಿ ಬಿಡಬೇಕಾದ ಜಾಗ) ಬಿಡದವರಿಗೆ ದಂಡ ಹಾಕಬೇಕು. ಆಮೇಲೆ ಎಲ್ಲ ತಣ್ಣಗಾಗುತ್ತದೆ. ಬರೆಯಲಿ, ನನಗೂ ಬೇಕಾಗಿರುವುದು ಅದೇ. ಆದರೆ ಬರೆಯುವವರು ಒಂದು ವಿಷಯ ಮರೆಯಬಾರದು ಅಂತ ಈ ಪತ್ರ. ಮನೆ ಕಟ್ಟುವ ಮೊದಲು ಎಲ್ಲರೂ ಪ್ಲಾನ್ ನೋಡುತ್ತಾರೆ, ಕಟ್ಟಿ ಮುಗಿದ ಮೇಲೆ ಅಳತೆ ಟೇಪು ಹಿಡಿದು ಮನೆ ನೋಡುತ್ತಾರೆ. ಮಧ್ಯದ ಏಳೆಂಟು ತಿಂಗಳು ಕೇಳುವವರೇ ಇರುವುದಿಲ್ಲ. ಮನೆ ಗಟ್ಟಿಯಾಗುವುದೋ ಟೊಳ್ಳಾಗುವುದೋ ತೀರ್ಮಾನ ಆಗುವುದು ಆ ತಿಂಗಳುಗಳಲ್ಲೇ ಅಲ್ವಾ?

ನಾನು ಎಂಜಿನಿಯರ್ ಅಲ್ಲ. ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ನಮ್ಮ ಮನೆಯವರು ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋದರೆ ರಾತ್ರಿ ಊಟದ ಹೊತ್ತಿಗೆ ಬರುತ್ತಾರೆ. ಹಾಗಾಗಿ ನಮ್ಮ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಎದ್ದಾಗ ಮೇಸ್ತ್ರಿ ಜೊತೆ ಮಾತು, ಜಲ್ಲಿ ಎಂ-ಸ್ಯಾಂಡ್ ಲೋಡಿನ ಲೆಕ್ಕ, ಟ್ಯಾಂಕರ್ ನೀರು, ಎಲ್ಲ ನನ್ನ ತಲೆಗೇ. ಪ್ಲಾನ್ ಮಂಜೂರಾತಿಗೆ ಓಡಾಡಿದ್ದೂ ನಾನೇ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ಶೇ 1ರ ಸೆಸ್ ಕೂಡ ಕಟ್ಟಿದೆ. ಅದಾದ ಮೇಲೆ ಯಾವ ಕಚೇರಿಯವರ ಮುಖವನ್ನೂ ನಾನು ಸೈಟಿನಲ್ಲಿ ನೋಡಲಿಲ್ಲ. ಮತ್ತೆ ನೋಡಿದ್ದು ಕಂದಾಯ ಹಾಕಲು ಬಂದಾಗ.

ಮೋಲ್ಡ್, ಅಂದರೆ ಛಾವಣಿಗೆ ಕಾಂಕ್ರೀಟ್, ಹಾಕಿದ ದಿನ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಆರಕ್ಕೇ ಮಿಕ್ಸರ್ ಬಂತು. ಪೂಜೆ ಮಾಡಿ, ತೆಂಗಿನಕಾಯಿ ಒಡೆದು, ಮಧ್ಯಾಹ್ನ ಇಪ್ಪತ್ತು ಜನಕ್ಕೆ ಬಾಡೂಟ. ಆ ಗಡಿಬಿಡಿಯಲ್ಲಿ ನಾನು ಕಂಡೂ ಕಾಣದ ಹಾಗೆ ಬಿಟ್ಟಿದ್ದು ಒಂದಿದೆ. ಬಾಲ್ಕನಿಗೆ ಅಂತ ಹೊರಗೆ ಚಾಚಿದ್ದ ಕಂಬಿಗಳ ಮೇಲೆ ಹುಡುಗರು ಬಾಂಡ್ಲಿ ಹೊತ್ತು ಓಡಾಡುತ್ತಿದ್ದರು. ಒಂದೊಂದು ಹೆಜ್ಜೆಗೂ ಕಂಬಿ ಕೆಳಕ್ಕೆ ಬಗ್ಗುತ್ತಿತ್ತು. "ಮೇಸ್ತ್ರಿ, ಕಂಬಿ ಕೂತು ಹೋಗ್ತಿದೆಯಲ್ಲ?" ಅಂದೆ. "ಏನಾಗಲ್ಲ ಅಕ್ಕಾ, ಕಾಂಕ್ರೀಟ್ ಬಿದ್ಮೇಲೆ ಎಲ್ಲ ಒಂದೇ" ಅಂದರು. ನಾನೂ ಸುಮ್ಮನಾದೆ. ಅನ್ನ ಆಗಿದೆಯಾ ಅಂತ ಕೇಳಲು ಒಳಗಿಂದ ಕರೆದರು, ಹೋದೆ.

ಕ್ಯಾಲೆಂಡರ್‌ನಲ್ಲಿ ಆ ತಾರೀಕಿಗೆ ಅರಿಶಿನದ ಬೊಟ್ಟು ಇಟ್ಟಿದ್ದೆ. ತೆಂಗಿನ ಮರಕ್ಕೆ ಪಾತಿ ಮಾಡಿದ ಹಾಗೆ ಮೋಲ್ಡ್ ಮೇಲೆ ಸಿಮೆಂಟಿನ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿದ್ದೆವು. ಆರನೇ ದಿನಕ್ಕೆ, ಕಾಂಕ್ರೀಟ್ ಗಟ್ಟಿಯಾಗುವವರೆಗೆ ಕೆಳಗೆ ಆಸರೆ ಕೊಡುವ ಸೆಂಟ್ರಿಂಗ್‌ನವರಿಂದ ಫೋನು. ಶೀಟು, ಜಾಕಿ ಎಲ್ಲ ಶಿರಾ ಗೇಟ್ ಕಡೆ ಇನ್ನೊಂದು ಸೈಟಿಗೆ ಬೇಕಂತೆ, ಇಟ್ಟುಕೊಳ್ಳುವುದಾದರೆ ದಿನದ ಬಾಡಿಗೆ ಬೇರೆ ಕೊಡಬೇಕಂತೆ. ಮೇಸ್ತ್ರಿ ತಲೆ ಆಡಿಸಿದರು, ನಾನು ಹೂಂ ಅಂದೆ. ದುಡ್ಡು ಉಳಿಯುತ್ತದಲ್ಲ ಅಂತ ಆಸೆ. ಇದರಲ್ಲಿ ನನ್ನ ತಪ್ಪೂ ಇದೆ, ಮುಚ್ಚಿಡುವುದಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಬಾಲ್ಕನಿ ಗೋಡೆ ಸೇರುವ ಕಡೆ, ಮೇಲ್ಗಡೆ, ತಲೆಗೂದಲಿನಷ್ಟು ಸಣ್ಣ ಗೆರೆ ಕಂಡಿತು. ನನ್ನ ಮೈದುನ ಸಿವಿಲ್ ಓದಿದವನು. ಹಬ್ಬಕ್ಕೆ ಬಂದವನು ಅದನ್ನು ನೋಡಿ ಊಟ ಬಿಟ್ಟು ಎದ್ದ. ಉಳಿ ತೊಗೊಂಡು ಬಿರುಕಿನ ಹತ್ತಿರ ಮೆಲ್ಲಗೆ ಕೆತ್ತಿದ. ಐದು ಇಂಚು ದಪ್ಪದ ಸ್ಲ್ಯಾಬು. ಮೇಲಿಂದ ಮುಕ್ಕಾಲು ಇಂಚಿಗೆ ಸಿಗಬೇಕಿದ್ದ ಕಂಬಿ ಎರಡೂವರೆ ಇಂಚಿಗೆ ಸಿಕ್ಕಿತು. ಸರೀ ನಡುವೆ. "ಅತ್ತಿಗೆ, ಇಲ್ಲಿ ಕಂಬಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ" ಅಂದ.

ಯಾಕೆ ಅಂತ ಅವನು ಹೇಳಿದ್ದನ್ನು ಹೇಳುತ್ತೇನೆ, ಮನೆ ಕಟ್ಟುವ ಯಾರಿಗಾದರೂ ಉಪಯೋಗವಾದೀತು. ತುಂಬಿದ ಬಿಂದಿಗೆಯನ್ನು ಕೈ ಚಾಚಿ ಹಿಡಿದುಕೊಳ್ಳಿ, ಎಳೆತ ಎಲ್ಲಿ ಗೊತ್ತಾಗುತ್ತದೆ? ಭುಜದ ಮೇಲ್ಭಾಗದಲ್ಲಿ. ಬಾಲ್ಕನಿ, ಸಜ್ಜ ಎಲ್ಲ ಹಾಗೇ. ಎಳೆತ ಮೇಲ್ಗಡೆ, ಆದ್ದರಿಂದ ಕಂಬಿಯೂ ಮೇಲ್ಗಡೆ ಇರಬೇಕು. ರೂಮಿನ ಮೋಲ್ಡ್‌ನಲ್ಲಿ ನಡುಭಾಗಕ್ಕೆ ಎಳೆತ ಕೆಳಗಡೆ, ಅಲ್ಲಿ ಕಂಬಿ ಕೆಳಗೆ. ಕಾಂಕ್ರೀಟು ಭಾರ ತಡೆಯುತ್ತದೆ, ಎಳೆತ ತಡೆಯುವುದಿಲ್ಲ, ಅದು ಕಂಬಿಯ ಕೆಲಸ. ಕಂಬಿ ಜಾಗ ಬಿಟ್ಟರೆ ಎಷ್ಟು ದುಬಾರಿ ಸಿಮೆಂಟ್ ಹಾಕಿದರೂ ನೀರಿನಲ್ಲಿ ಹೋಮ ಮಾಡಿದಂತೆ. ಕಂಬಿ ಕೂರದಂತೆ ಕೆಳಗೆ ಕೊಡುವ ಕಬ್ಬಿಣದ ಚೇರು, ಕವರ್ ಬ್ಲಾಕು, ಓಡಾಡಲು ಒಂದೆರಡು ಹಲಗೆ. ಇಷ್ಟಕ್ಕೆ ಆಗುವ ಖರ್ಚು ನಮ್ಮ ಬಾಡೂಟದ ಖರ್ಚಿಗಿಂತ ಕಡಿಮೆ. ನಮ್ಮಲ್ಲಿ ಕವರ್ ಬ್ಲಾಕಿನ ಜಾಗದಲ್ಲಿ ಇದ್ದದ್ದು ಕೈಗೆ ಸಿಕ್ಕ ಜಲ್ಲಿ ಕಲ್ಲು.

ಇನ್ನು ಸೆಂಟ್ರಿಂಗ್ ಬಿಚ್ಚುವ ದಿನದ ಲೆಕ್ಕ. ಇದನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಕಾಂಕ್ರೀಟ್ ಕೆಲಸಕ್ಕೆ ಭಾರತೀಯ ಮಾನಕ 456 ಅಂತ ಒಂದಿದೆ, 2000ದ ಆವೃತ್ತಿ. ಅದರ ಪ್ರಕಾರ ನಾಲ್ಕೂವರೆ ಮೀಟರ್ ಅಗಲದ ಒಳಗಿನ ಸ್ಲ್ಯಾಬಿಗೆ ಕೆಳಗಿನ ಊರೆ (ಆಸರೆ) ಕನಿಷ್ಠ 7 ದಿನ ಇರಬೇಕು, ಅದಕ್ಕಿಂತ ಅಗಲ ಇದ್ದರೆ 14 ದಿನ. ಬೀಮಿಗೆ ಆರು ಮೀಟರ್‌ವರೆಗೆ 14, ಆಮೇಲೆ 21. ಇದೂ ಓಪಿಸಿ, ಅಂದರೆ ಸಾಮಾನ್ಯ ಪೋರ್ಟ್ಲ್ಯಾಂಡ್ ಸಿಮೆಂಟಿಗೆ ಹೇಳಿದ್ದು. ಅಂಗಡಿಯಲ್ಲಿ ಮನೆ ಕೆಲಸಕ್ಕೆ ಜಾಸ್ತಿ ಕೊಡುವುದು ಪಿಪಿಸಿ, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್, ಅದು ನಿಧಾನಕ್ಕೆ ಗಟ್ಟಿಯಾಗುವಂಥದ್ದು, ನೀರನ್ನೂ ಜಾಸ್ತಿ ದಿನ ಬಿಡಬೇಕು. ಬಾಲ್ಕನಿಯಾದರೆ ಇನ್ನೂ ತಾಳ್ಮೆ ಬೇಕು. ಬಿಚ್ಚುವಾಗಲೂ ಹೊರತುದಿಯಿಂದ ಶುರು ಮಾಡಿ ಗೋಡೆ ಕಡೆಗೆ ಬರಬೇಕು. ನಮ್ಮವರು ಗೋಡೆ ಕಡೆಯಿಂದ ಬಿಚ್ಚಿದ್ದರು. ಅಲ್ಲಿ ನೆರಳಿತ್ತು, ಅಷ್ಟೇ ಕಾರಣ.

ಮೇಸ್ತ್ರಿಯನ್ನು ಬೈಯಲು ಇದನ್ನೆಲ್ಲ ಬರೆಯುತ್ತಿಲ್ಲ. ಅವರು ಹದಿನಾಲ್ಕು ವರ್ಷಕ್ಕೆ ಗಾರೆ ಕಲಸಲು ಬಂದವರು, ಕೆಲಸ ಕಲಿತದ್ದು ಇನ್ನೊಬ್ಬ ಮೇಸ್ತ್ರಿ ಹತ್ತಿರ. ಅವರ ಕೈಗೆ ಕನ್ನಡದಲ್ಲಿ ಬರೆದ ಒಂದು ಪುಟದ ಕಾಗದವನ್ನು ಇಷ್ಟು ವರ್ಷದಲ್ಲಿ ಯಾರೂ ಕೊಟ್ಟಿಲ್ಲ.

ಹಾಗಂತ ನಿಯಮ ಇಲ್ಲವೇ ಇಲ್ಲ ಅಂತಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 1970ರಲ್ಲೇ ಬಂತು. 1983, 2005, 2016ರಲ್ಲಿ ಪರಿಷ್ಕರಣೆ ಆಯಿತು. ಅದರ ಏಳನೇ ಭಾಗ ಇರುವುದೇ ಕಟ್ಟುವಾಗಿನ ಸುರಕ್ಷತೆ ಬಗ್ಗೆ. ಸಾರವೆ ಹೇಗಿರಬೇಕು, ಗುಂಡಿ ಹೇಗೆ ತೋಡಬೇಕು, ಎಲ್ಲ ಇದೆ. ಕೇಂದ್ರ ಸರ್ಕಾರ 2016ರಲ್ಲಿ ಮಾದರಿ ಉಪವಿಧಿಯನ್ನೂ ಕೊಟ್ಟಿದೆ. ಆದರೆ ಸಂಹಿತೆ ಅನ್ನುವುದು ಬರೀ ಸಲಹೆ. ಊರಿನ ಆಡಳಿತ ತನ್ನ ಉಪವಿಧಿಯಲ್ಲಿ ಸೇರಿಸಿಕೊಂಡಾಗ ಮಾತ್ರ ಅದಕ್ಕೆ ಹಲ್ಲು ಬರುವುದು. ಆದ್ದರಿಂದಲೇ ಪರಿಷ್ಕರಣೆ ಅಂದಾಗ ನನಗೆ ಆಸೆ, ಜೊತೆಗೆ ಅನುಮಾನ. ನಮ್ಮಲ್ಲಿ ಚರ್ಚೆಯೆಲ್ಲ ಎತ್ತರ, ಸೆಟ್‌ಬ್ಯಾಕ್, ಪಾರ್ಕಿಂಗ್ ಸುತ್ತಲೇ ತಿರುಗುತ್ತದೆ. ಅವೂ ಬೇಕು, ಬೆಂಕಿ ಬಿದ್ದರೆ ಗಾಡಿ ಬರಲು ಜಾಗ ಬೇಡವೇ? ಮಂಡಿಪೇಟೆ, ಚಿಕ್ಕಪೇಟೆ ಗಲ್ಲಿಗಳಲ್ಲಿ ಒಮ್ಮೆ ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ಧಾರವಾಡ ನೆನಪಿಸಿಕೊಳ್ಳಿ. 2019ರ ಮಾರ್ಚ್ 19, ಕುಮಾರೇಶ್ವರ ನಗರ. ಕೆಳಗೆ ಅಂಗಡಿ ನಡೆಯುತ್ತಿದ್ದವು, ಮೇಲೆ ಇನ್ನೂ ಕಟ್ಟುತ್ತಿದ್ದರು. ಕಟ್ಟಡ ಕುಸಿದು 19 ಜನ ಹೋದರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆ ದಿನ ಕುಸಿದದ್ದೂ ಕಟ್ಟುತ್ತಿದ್ದ ಕಟ್ಟಡವೇ, ಸತ್ತವರು ಅಲ್ಲಿ ಕೂಲಿಗೆ ಬಂದವರು. ಭೂಕಂಪದ ನಕ್ಷೆಯಲ್ಲಿ ನಮ್ಮ ಕಡೆ ಅಪಾಯ ಕಡಿಮೆ ಅಂತ ಎಲ್ಲರೂ ಆರಾಮಾಗಿದ್ದೇವೆ. ನೆಲ ನಡುಗುವುದೇ ಬೇಡ, ನಾವೇ ಸಾಕು.

ನಮ್ಮ ಊರು ಓದಲು ಬರುವ ಮಕ್ಕಳ ಊರು. ಕಾಲೇಜುಗಳ ಸುತ್ತಮುತ್ತ ಮನೆಗಳೆಲ್ಲ ಪಿಜಿ ಆಗುತ್ತಿವೆ. ಎರಡು ಫ್ಲೋರಿಗೆ ಅಂತ ತೋಡಿದ ಪಾಯದ ಮೇಲೆ ಮೂರನೆಯದು, ಅದರ ಮೇಲೆ ಶೀಟ್ ಹಾಕಿ ಎರಡು ರೂಮು, ಅದರ ಮೇಲೆ ಸಿಂಟೆಕ್ಸ್ ಸಾಲು. ಎರಡು ಸಾವಿರ ಲೀಟರಿನ ಟ್ಯಾಂಕ್ ತುಂಬಿದರೆ ಎರಡು ಟನ್, ಅಂಥವು ಮೂರು ಕೂತಿರುತ್ತವೆ. ಕೆಳಗಿನ ಪಿಲ್ಲರಿಗೆ ಇದನ್ನೆಲ್ಲ ಯಾರು ಹೇಳಿದ್ದಾರೆ? ಬಾಡಿಗೆಗೆ ಬಂದ ಹುಡುಗಿಗೆ ಪಾಯ ಎಷ್ಟು ಆಳ ಅಂತ ಹೇಗೆ ಗೊತ್ತಾಗಬೇಕು?

ಪಕ್ಕದ ಸೈಟಿನ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಸೆಲ್ಲಾರಿಗೆ ಅಂತ ನಮ್ಮ ರಸ್ತೆಯಲ್ಲಿ ಒಬ್ಬರು ಜೆಸಿಬಿ ತಂದು ಹತ್ತು ಅಡಿ ನೇರಕ್ಕೆ ಕಡಿದರು. ತೆಗೆದ ಮಣ್ಣನ್ನು ಗುಂಡಿಯ ದಡದ ಮೇಲೇ ಗುಡ್ಡೆ ಹಾಕಿದರು. ಒಂದೂವರೆ ಮೀಟರ್ ದಾಟಿದರೆ ಪಕ್ಕಕ್ಕೆ ಹಲಗೆ ಊರೆ ಕೊಡಬೇಕು, ಇಲ್ಲ ಇಳಿಜಾರಾಗಿ ಕಡಿಯಬೇಕು. ಎರಡೂ ಇಲ್ಲ. ರಾತ್ರಿ ಮಳೆ ಬಂತು. ಬೆಳಿಗ್ಗೆ ಎದ್ದು ನೋಡಿದರೆ ಪಕ್ಕದ ಅಜ್ಜಿ ಮನೆಯ ಕಾಂಪೌಂಡು, ಅದರ ಜೊತೆ ಅವರ ಕರಿಬೇವಿನ ಗಿಡ, ಎರಡೂ ಗುಂಡಿ ಒಳಗೆ. ಹಗಲಾಗಿದ್ದರೆ ಕೆಳಗೆ ನಾಲ್ಕು ಜನ ಇರುತ್ತಿದ್ದರು. ಅಜ್ಜಿ ಇವತ್ತಿಗೂ ಗಿಡದ ಬಗ್ಗೆಯೇ ಬೈಯುತ್ತಾರೆ.

ಹಾಗಾದರೆ ಏನು ಬರೆಯಬೇಕು ಅಂದರೆ, ನನ್ನ ಬೇಡಿಕೆ ದೊಡ್ಡದಲ್ಲ. ಮೂರು ದಿನ ಯಾರಾದರೂ ತಿಳಿದವರು ಸೈಟಿಗೆ ಬಂದು ಕಣ್ಣಾರೆ ನೋಡಿ ಸಹಿ ಹಾಕಬೇಕು. ಪಾಯದ ಗುಂಡಿ ತೆಗೆದು ಕಾಂಕ್ರೀಟ್ ಸುರಿಯುವ ಮೊದಲು ಒಂದು ಸಲ. ಮೋಲ್ಡ್‌ನ ಹಿಂದಿನ ದಿನ, ಕಂಬಿ ಕಟ್ಟಿ ಮುಗಿದ ಮೇಲೆ ಒಂದು ಸಲ. ಸೆಂಟ್ರಿಂಗ್ ಬಿಚ್ಚುವ ಮೊದಲು ಇನ್ನೊಂದು ಸಲ. ಇದರಲ್ಲಿ ಒಂದೇ ಒಂದು ಸಾಧ್ಯ ಅನ್ನುವುದಾದರೆ ಮೋಲ್ಡ್‌ನ ಹಿಂದಿನ ದಿನವನ್ನೇ ಕೊಡಿ. ಕಾಂಕ್ರೀಟ್ ಬಿದ್ದ ಮೇಲೆ ಒಳಗೇನಿದೆ ಅಂತ ಉಳಿ ಹಿಡಿದು ಕೆತ್ತಿಯೇ ನೋಡಬೇಕು. ಹಿಂದಿನ ದಿನವಾದರೆ ಐದು ನಿಮಿಷ, ಬರಿಗಣ್ಣು, ಒಂದು ಟೇಪು ಸಾಕು.

ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ನಕ್ಕರು. "ಮೇಡಂ, ಮೂರು ಸಹಿ ಅಂದ್ರೆ ಮೂರು ಕಡೆ ಕೈ ಬೆಚ್ಚಗೆ ಮಾಡ್ಬೇಕು, ಅಷ್ಟೇ." ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಅದಕ್ಕೇ ಸಹಿಯನ್ನು ಕಚೇರಿಗೆ ಮಾತ್ರ ಬಿಡಬೇಡಿ ಅನ್ನುವುದು. ಪ್ಲಾನಿಗೆ ಸಹಿ ಹಾಕುವ ನೋಂದಾಯಿತ ಎಂಜಿನಿಯರೇ ಬರಲಿ, ಕಂಬಿಯ ಫೋಟೊ ತಾರೀಕು ಜಾಗ ಸಮೇತ ಮೊಬೈಲ್‌ನಲ್ಲಿ ಹಾಕಲಿ, ಮನೆ ಕಟ್ಟಿಸುವವರಿಗೂ ಅದು ಕಾಣಲಿ. ಎಷ್ಟೋ ಕಡೆ ಈಗ ಎಂಜಿನಿಯರ್ ಸಹಿ ಪ್ಲಾನಿನ ಜೊತೆ ಜೆರಾಕ್ಸ್ ಅಂಗಡಿಯಲ್ಲೇ ಮುಗಿದುಹೋಗುತ್ತದೆ, ಸೈಟು ಯಾವ ದಿಕ್ಕಿಗಿದೆ ಅಂತಲೂ ಅವರಿಗೆ ಗೊತ್ತಿರುವುದಿಲ್ಲ. ನಾಳೆ ಬಿದ್ದರೆ ನಿಮ್ಮ ಹೆಸರು ಅಂತ ಆದಾಗ ತಾವಾಗಿಯೇ ಸ್ಕೂಟರ್ ತೆಗೆಯುತ್ತಾರೆ. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಓಸಿ (ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು ನೀರು ಕೊಡಬಾರದು ಅಂತ ಹೇಳಿತು. ಸರಿಯೇ. ಆದರೆ ಆ ಓಸಿ ಕೊಡುವ ದಿನ ಗೋಡೆಗೆ ಪುಟ್ಟಿ ಬಣ್ಣ ಎಲ್ಲ ಆಗಿರುತ್ತದೆ. ಕಂಬಿ ಎಲ್ಲಿ ಕಾಣುತ್ತದೆ?

ಇನ್ನೊಂದು, ಕರೆಂಟ್ ತಂತಿ. 11 ಕೆವಿ ಲೈನಿಗೂ ಕಟ್ಟಡಕ್ಕೂ ಪಕ್ಕಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಬೇಕು. ಮೊದಲನೇ ಫ್ಲೋರಿನ ಬಾಲ್ಕನಿಯನ್ನು ರಸ್ತೆಗೆ ಮೂರು ಅಡಿ ಚಾಚಿ, ಆಮೇಲೆ ಕೈಗೆ ಎಟಕುವ ತಂತಿಗೆ ಪಿವಿಸಿ ಪೈಪು ತೊಡಿಸುವವರನ್ನು ನೀವೂ ನೋಡಿರುತ್ತೀರಿ. ಸಾರವೆ ಕಟ್ಟುವ ಹುಡುಗ ಹಿಡಿದಿರುವುದು ಕಬ್ಬಿಣದ ಪೈಪು. ಇದನ್ನೂ ಸೈಟು ನೋಡುವ ಮೊದಲನೇ ದಿನವೇ ಹೇಳಬೇಕು.

ಮತ್ತೆ ಆ ಉಪವಿಧಿಯನ್ನು ದಯವಿಟ್ಟು ಓದಲು ಬರುವ ಕನ್ನಡದಲ್ಲಿ ಬರೆಯಿರಿ. 'ತತ್ಸಂಬಂಧ ಮೇಲ್ಕಂಡ' ಭಾಷೆ ಬೇಡ. ಎಷ್ಟು ದಿನಕ್ಕೆ ಬಿಚ್ಚಬೇಕು, ಕಂಬಿ ಎಲ್ಲಿರಬೇಕು, ಗುಂಡಿ ಎಷ್ಟು ಆಳವಾದರೆ ಊರೆ ಬೇಕು ಅಂತ ಒಂದೇ ಪುಟ, ಚಿತ್ರದ ಸಮೇತ. ಪ್ಲಾನ್ ಕೊಡುವ ದಿನ ಅದನ್ನೂ ಕೈಗಿಟ್ಟರೆ ನನ್ನಂಥವರು ಸಿಮೆಂಟ್ ಮೂಟೆ ಇಟ್ಟಿರುವ ಶೆಡ್ಡಿನ ಬಾಗಿಲಿಗೆ ಅಂಟಿಸಿಕೊಳ್ಳುತ್ತೇವೆ. ಮೇಸ್ತ್ರಿ "ಏನಾಗಲ್ಲ ಅಕ್ಕಾ" ಅಂದಾಗ ಬೆರಳಿಟ್ಟು ತೋರಿಸಲು ಏನಾದರೂ ಇರುತ್ತದೆ.

ನಮ್ಮ ಬಾಲ್ಕನಿ ಬೀಳಲಿಲ್ಲ. ಮೈದುನ ಅವತ್ತೇ ಜಾಕಿ ತರಿಸಿ ಕೊಟ್ಟ, ಆಮೇಲೆ ಎರಡು ಮೂಲೆಗೂ ಪಾಯದಿಂದ ಪಿಲ್ಲರ್ ಎಬ್ಬಿಸಿದೆವು. ಗೇಟಿನಿಂದ ಗಾಡಿ ಒಳಗೆ ತರುವಾಗ ಎಡಗಡೆಯ ಪಿಲ್ಲರ್ ಅಡ್ಡ ಬರುತ್ತದೆ. ಮಂಜೂರಾದ ಪ್ಲಾನಿನಲ್ಲಿ ಆ ಎರಡೂ ಪಿಲ್ಲರ್ ಇಲ್ಲ, ಈವರೆಗೆ ಯಾರೂ ಅದನ್ನು ಕೇಳಿಯೂ ಇಲ್ಲ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ತುಮಕೂರು